ಲೆಕ್ಕದ ಮಾತು ಸಂಘಕ್ಕೆ ನಿಷಿದ್ಧವೆ?

ಹೊರನಾಡ ಕನ್ನಡ ಸಂಘಗಳ ವಾರ್ಷಿಕ ಕಾರ್ಯಕ್ರಮ ಪಟ್ಟಿಯನ್ನು ಯಾರಾದರೂ ತೆರೆದು ನೋಡಲಿ. ಯುಗಾದಿಯ ಕವಿಗೋಷ್ಠಿ, ದಾಸರ ಆರಾಧನೆ, ನವೆಂಬರಿನ ರಾಜ್ಯೋತ್ಸವ, ನಡುವೆ ಒಂದು ಯಕ್ಷಗಾನ, ಮಕ್ಕಳ ಛದ್ಮವೇಷ ಇವು ತಪ್ಪದೆ ಇರುತ್ತವೆ. ಇವುಗಳ ಬಗ್ಗೆ ನನಗೆ ತಕರಾರಿಲ್ಲ. ಇವೆಲ್ಲಕ್ಕೂ ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದವನೇ ನಾನು. ನನ್ನ ತಕರಾರು ಪಟ್ಟಿಯಲ್ಲಿ ಇಲ್ಲದಿರುವುದರ ಬಗ್ಗೆ. ಸದಸ್ಯನೊಬ್ಬನು ತಾನು ದುಡಿದ ಹಣವನ್ನು ಹೇಗೆ ಕಾಪಾಡಿಕೊಳ್ಳಬೇಕು, ದುಡಿಯಲಾರದ ದಿನಗಳಿಗೆ ಏನನ್ನು ಎತ್ತಿಡಬೇಕು, ತನ್ನ ತರುವಾಯ ಹೆಂಡತಿ ಮಕ್ಕಳು ಯಾವ ಕಾಗದವನ್ನು ಹಿಡಿದು ಯಾರ ಬಳಿಗೆ ಹೋಗಬೇಕು ಎಂಬ ವಿಷಯವಾಗಿ ಒಂದು ಗಂಟೆಯ ಉಪನ್ಯಾಸವನ್ನೂ ಚೆನ್ನೈನ ಕನ್ನಡ ವೇದಿಕೆಗಳ ಮೇಲೆ ನಾನು ಕೇಳಿಲ್ಲ. ಏಕೆಂದು ಪ್ರಶ್ನಿಸಿದರೆ ಉತ್ತರ ಸಿದ್ಧವಾಗಿರುತ್ತದೆ: "ಸಂಘ ಇರುವುದು ಭಾಷೆ, ಸಂಸ್ಕೃತಿಗಾಗಿ ಸ್ವಾಮಿ. ದುಡ್ಡಿನ ಮಾತಿಗೆ ಬ್ಯಾಂಕುಗಳಿವೆಯಲ್ಲ!"

ಈ ಉತ್ತರ ಸಭ್ಯವಾಗಿದೆ. ಆದರೆ ಚರಿತ್ರೆಯನ್ನು ಬಲ್ಲ ಕನ್ನಡಿಗನು ಆಡಬಹುದಾದ ಮಾತಲ್ಲ.

1906ನೆಯ ಇಸವಿಯನ್ನೇ ತೆಗೆದುಕೊಳ್ಳೋಣ. ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿತ್ತು. ಆ ವರ್ಷದ ಜುಲೈ ತಿಂಗಳಲ್ಲಿ, ಮದರಾಸಿನಲ್ಲಿ ಕಾನೂನು ಓದಿ ಮಂಗಳೂರಿಗೆ ಮರಳಿದ್ದ ಅಮ್ಮೆಂಬಳ ಸುಬ್ಬರಾವ್ ಪೈಗಳು 'ಕೆನರಾ ಹಿಂದೂ ಪರ್ಮನೆಂಟ್ ಫಂಡ್' ಎಂಬ ಸಣ್ಣ ನಿಧಿಯನ್ನು ಆರಂಭಿಸಿದರು. ಮುಂದೆ ಅದೇ ಕೆನರಾ ಬ್ಯಾಂಕ್ ಆಯಿತು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಇನ್ನೊಂದನ್ನು ಕಟ್ಟಿದರು. ಅದು ಕಾರ್ಪೊರೇಷನ್ ಬ್ಯಾಂಕ್ ಆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಇತ್ತ ಮದರಾಸಿನಲ್ಲಿ ಅರ್ಬುತ್‌ನಾಟ್ ಕಂಪನಿ ನೆಲಕಚ್ಚಿತು. ಬಿಳಿಯರ ಸಂಸ್ಥೆಯಾದ್ದರಿಂದ ಬಂಡೆಯಷ್ಟು ಭದ್ರವೆಂದು ನಂಬಿ ಜೀವಮಾನದ ಗಳಿಕೆಯನ್ನಿಟ್ಟ ಸಾವಿರಾರು ಜನ ಬೀದಿಪಾಲಾದರು. ಒಡೆಯ ಸರ್ ಜಾರ್ಜ್ ಅರ್ಬುತ್‌ನಾಟ್‌ನಿಗೆ ಸೆರೆವಾಸವಾಯಿತು. ಜನರ ಹಣ ಪೂರ್ತಿಯಾಗಿ ಮರಳಲಿಲ್ಲ. ಆ ಬೂದಿಯಿಂದಲೇ ವಿ. ಕೃಷ್ಣಸ್ವಾಮಿ ಅಯ್ಯರರ ಮುಂದಾಳ್ತನದಲ್ಲಿ 1907ರಲ್ಲಿ ಇಂಡಿಯನ್ ಬ್ಯಾಂಕ್ ಎದ್ದುಬಂತು. ಒಂದೇ ಪ್ರಾಂತ, ಒಂದೇ ವರ್ಷ. ಕರಾವಳಿಯ ನಮ್ಮ ಹಿರಿಯರು ಅಂದು ಬೇರೆಯವರ ಭದ್ರತೆಯನ್ನು ನಂಬಿ ಕುಳಿತಿರಲಿಲ್ಲ.

ಇದಕ್ಕಿಂತ ದೊಡ್ಡ ಕೆಲಸ 1928ರಲ್ಲಿ ನಡೆಯಿತು. ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಈ ಮೂವರು 1925ರಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಉಡುಪಿಯಲ್ಲಿ ಸ್ಥಾಪಿಸಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯು ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ದಿನಕ್ಕೆ ಎರಡಾಣೆ, ಅಂದರೆ ರೂಪಾಯಿಯ ಎಂಟನೆಯ ಒಂದು ಪಾಲು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದ ನೇಕಾರನ, ಮೀನು ಮಾರುವವಳ, ಬೀಡಿ ಕಟ್ಟುವವಳ ಮನೆಬಾಗಿಲಿಗೆ ಏಜೆಂಟನೇ ಹೋಗಿ, ಅವಳದೇ ನುಡಿಯಲ್ಲಿ ಮಾತನಾಡಿ, ಪುಸ್ತಕದಲ್ಲಿ ಬರೆದುಕೊಟ್ಟು ಬರುತ್ತಿದ್ದನು. ಆ ಎರಡಾಣೆಗಿಂತ ದೊಡ್ಡದು ಅದರ ಹಿಂದಿದ್ದ ತಿಳಿವಳಿಕೆ: ಉಳಿತಾಯವೆಂಬುದು ಮಿಕ್ಕದ್ದನ್ನು ಇಡುವುದಲ್ಲ, ಖರ್ಚಿಗೆ ಮೊದಲೇ ತೆಗೆದಿಡುವುದು, ಅದನ್ನು ಕಲಿಸಬೇಕಾದುದು ಕಲಿಯುವವನ ಭಾಷೆಯಲ್ಲಿ, ಅವನ ಬಾಗಿಲಲ್ಲಿ. ಇದು ಸಂಸ್ಕೃತಿಯಲ್ಲವೆ? ಬಟ್ಟೆಗೆ ಇದ್ದಿಲು, ಹುಣಸೆಬೀಜದ ಅಂಟು ಬಳಿದು ಬಳಪದಲ್ಲಿ ಬರೆದಿಟ್ಟ ಕಡತಗಳನ್ನು ವಸ್ತುಸಂಗ್ರಹಾಲಯದಲ್ಲಿ ನೋಡಿ ಕನ್ನಡ ಲಿಪಿಯ ಸೊಬಗಿಗೆ ಮನಸೋಲುವವರು, ಅವುಗಳಲ್ಲಿ ಬರೆದಿರುವುದು ಬಹುಪಾಲು ಜಮಾ-ಖರ್ಚು ಎಂಬುದನ್ನು ಮರೆಯಬಾರದು.

2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿಯೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿಹೋದವು. ಆಗ ನಮ್ಮವರು ಆಡಿದ ಮರುಕದ ಮಾತುಗಳಿಗೆ ಲೆಕ್ಕವಿಲ್ಲ. ಫಲಕ ಇಳಿದುದಕ್ಕೆ ಅತ್ತವರು, ಆ ಫಲಕದ ಕೆಳಗೆ ಕಲಿಸಿದ್ದ ಪಾಠ ಅದಕ್ಕೂ ಎಷ್ಟೋ ಮೊದಲು ನಮ್ಮ ಮನೆಗಳಿಂದ ಮರೆಯಾಗಿತ್ತೆಂಬುದನ್ನು ಗಮನಿಸಲಿಲ್ಲ.

ಇನ್ನು ಹೊರನಾಡಿನವರಿಗೇ ವಿಶೇಷವಾದ ಸಂಗತಿಗೆ ಬರುತ್ತೇನೆ. ಚೆನ್ನೈನ ಕನ್ನಡಿಗರಲ್ಲಿ, ಅದರಲ್ಲೂ ಹಿರಿಯ ಹೆಂಗಸರಲ್ಲಿ, ತಮಿಳನ್ನು ನಿರರ್ಗಳವಾಗಿ ಆಡುವವರು ಬಹಳ, ಓದಬಲ್ಲವರು ಕಡಿಮೆ. ಮಾಂಬಲದ ತರಕಾರಿ ಅಂಗಡಿಯಲ್ಲಿ ಚೌಕಾಸಿ ಮಾಡುವ ನಾಲಿಗೆಗೆ ಬ್ಯಾಂಕಿನ ಅರ್ಜಿಯ ಅಕ್ಷರಗಳು ಪರಕೀಯ. ಅರ್ಜಿಯಲ್ಲಿ ಇರುವುದು ತಮಿಳು, ಹಿಂದಿ, ಇಂಗ್ಲಿಷ್. ಹೀಗಾಗಿ ಅವರು ಕಾಗದವನ್ನು ಓದುವುದಿಲ್ಲ, ಕಾಗದ ತಂದವನ ಮುಖವನ್ನು ಓದುತ್ತಾರೆ. ತಂದವನು ಕನ್ನಡ ಮಾತನಾಡಿದನೆಂದರೆ ಮುಗಿಯಿತು. "ನಮ್ಮ ಕಡೆಯ ಹುಡುಗ, ಕುಂದಾಪುರದ ಹತ್ತಿರದವನಂತೆ" ಎಂಬ ಒಂದು ಮಾತು ನೂರು ಷರತ್ತುಗಳ ಮೇಲೆ ರುಜು ಹಾಕಿಸುತ್ತದೆ. ತಾಯ್ನುಡಿಯ ಮೇಲಿನ ಪ್ರೀತಿಯೇ ಇಲ್ಲಿ ಮಾರಾಟಗಾರನ ಉಪಕರಣವಾಗುತ್ತದೆ. ಭಾಷೆಯ ಕೆಲಸ ಮಾಡುವ ಸಂಘಕ್ಕೆ ಇದು ಸಂಬಂಧಪಡದ ವಿಷಯವೆನ್ನುವುದು ಹೇಗೆ?

ಹಣ ಕಳೆದುಕೊಂಡವರ ಬಗ್ಗೆ ನಮ್ಮಲ್ಲಿ ಇನ್ನೊಂದು ಸುಲಭದ ತೀರ್ಪಿದೆ: "ಅತಿಯಾಸೆ ಗತಿಗೇಡು." ಕೆಲವು ಪ್ರಸಂಗಗಳಲ್ಲಿ ಅದು ನಿಜ. 2022ರಲ್ಲಿ ಚೆನ್ನೈನಲ್ಲಿ ಬಯಲಾದ ಆರುದ್ರ ಗೋಲ್ಡ್ ಪ್ರಕರಣದಲ್ಲಿ ತಿಂಗಳಿಗೆ ಶೇಕಡ 25-30ರ ಬಡ್ಡಿಯ ಆಮಿಷವೊಡ್ಡಿ ಸುಮಾರು ಒಂದು ಲಕ್ಷ ಜನರಿಂದ ಎರಡು ಸಾವಿರದ ನಾನೂರು ಕೋಟಿ ರೂಪಾಯಿಗೂ ಮೀರಿ ಸಂಗ್ರಹಿಸಲಾಗಿತ್ತೆಂದು ಪೊಲೀಸರು ಹೇಳಿದರು. ಆದರೆ ಮೈಲಾಪುರ ಹಿಂದೂ ಪರ್ಮನೆಂಟ್ ಫಂಡ್? ಅದು 1872ರಲ್ಲಿ ಹುಟ್ಟಿದ ನಿಧಿ. ನಿನ್ನೆ ಮೊನ್ನೆಯ ಅಂಗಡಿಯಲ್ಲ. ಅಜ್ಜನ ಕಾಲದಿಂದ ಠೇವಣಿಯಿಟ್ಟ ಮನೆತನಗಳಿದ್ದವು. 2024ರಲ್ಲಿ ಠೇವಣಿದಾರರ ದೂರಿನ ಮೇಲೆ ಅದರ ವ್ಯವಸ್ಥಾಪಕ ನಿರ್ದೇಶಕರ ಬಂಧನವಾಯಿತು. ವಯೋವೃದ್ಧರು ಕಚೇರಿಯ ಮುಂದೆ ನಿಂತರು. ನಮ್ಮ ಬೆಂಗಳೂರಿನ ಬಸವನಗುಡಿಯಲ್ಲಿ ಗುರುರಾಯರ ಹೆಸರನ್ನೇ ಹೊತ್ತ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಹಿಂಪಡೆಯುವ ಮೊತ್ತವನ್ನು 35,000 ರೂಪಾಯಿಗೆ ಮಿತಿಗೊಳಿಸಿತು. ಅಲ್ಲಿ ಹಣವಿಟ್ಟಿದ್ದ ನಿವೃತ್ತ ಉಪಾಧ್ಯಾಯರು, ವಿಧವೆಯರು ಜೂಜುಕೋರರೆ? ಅವರಿಗೆ ಇದ್ದುದು ಆಸೆಯಲ್ಲ, ನಂಬಿಕೆ. ಇಲ್ಲದಿದ್ದುದು ಕೆಲವು ಸರಳ ಪ್ರಶ್ನೆಗಳು. ಈ ಸಂಸ್ಥೆ ಬ್ಯಾಂಕೋ, ನಿಧಿಯೋ, ಸೊಸೈಟಿಯೋ? ಇದರ ಮೇಲೆ ಕಣ್ಣಿಟ್ಟವರು ಯಾರು? ಮುಳುಗಿದರೆ ಎಷ್ಟು ಮರಳುತ್ತದೆ?

ಕಡೆಯ ಪ್ರಶ್ನೆಗೆ ಉತ್ತರವನ್ನು ನಮ್ಮ ಪದವೀಧರರಲ್ಲಿಯೇ ಎಷ್ಟು ಮಂದಿ ಬಲ್ಲರು? ಬ್ಯಾಂಕಿನ ಠೇವಣಿಗೆ ವಿಮೆಯಿದೆ: ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ, ಎಲ್ಲ ಶಾಖೆಗಳೂ ಸೇರಿ, ಅಸಲು ಬಡ್ಡಿ ಎರಡೂ ಕೂಡಿ 5 ಲಕ್ಷ ರೂಪಾಯಿ. 2020ರ ಫೆಬ್ರವರಿಯವರೆಗೆ ಅದು ಒಂದೇ ಲಕ್ಷವಾಗಿತ್ತು. ನಿಧಿಗಳಿಗೆ, ಚೀಟಿಗಳಿಗೆ, ಪತ್ತಿನ ಸಹಕಾರ ಸಂಘಗಳಿಗೆ ಈ ವಿಮೆಯಿಲ್ಲ. ಈ ಎರಡು ವಾಕ್ಯಗಳನ್ನು ಕನ್ನಡದಲ್ಲಿ ಬರೆದು ಸಂಘದ ಫಲಕಕ್ಕೆ ಅಂಟಿಸಲು ಎಷ್ಟು ಖರ್ಚಾಗುತ್ತದೆ?

ಚೀಟಿಯನ್ನು ನಾನು ಸಾರಾಸಗಟಾಗಿ ಖಂಡಿಸುವವನಲ್ಲ. 1982ರ ಕೇಂದ್ರ ಕಾಯಿದೆಯಂತೆ ನೋಂದಣಿಯಾದ ಚೀಟಿಯಲ್ಲಿ ನಡೆಸುವವನು ಭದ್ರತೆ ಕಟ್ಟಬೇಕು. ಅವನ ಕಮಿಷನ್ನಿಗೂ ಶೇಕಡ 7ರ ಮಿತಿಯಿದೆ. ನಮ್ಮ ಹೆಂಗಸರು ಕಟ್ಟುವುದು ಆ ಚೀಟಿಯನ್ನಲ್ಲ. ಪಕ್ಕದ ಬೀದಿಯ ಪರಿಚಿತರ ನೋಟುಪುಸ್ತಕದ ಚೀಟಿಯನ್ನು. ಅಲ್ಲಿರುವ ದಾಖಲೆ ಒಂದು ಟಿಕ್ಕು ಗುರುತು ಮಾತ್ರ.

ಹೋಟೆಲುಗಳ ವಿಷಯ ಇನ್ನೂ ಗಂಭೀರ. ವುಡ್‌ಲ್ಯಾಂಡ್ಸ್‌ನ ಕೃಷ್ಣರಾಯರು, ದಾಸಪ್ರಕಾಶದ ಸೀತಾರಾಮರಾಯರು ಎಂದು ಪ್ರತಿ ರಾಜ್ಯೋತ್ಸವದ ಭಾಷಣದಲ್ಲಿಯೂ ಹೆಮ್ಮೆಪಡುತ್ತೇವೆ. ಒಲೆಯ ಮುಂದೆ ನಲವತ್ತು ವರ್ಷ ನಿಂತು, ಮೊಣಕಾಲು ಸವೆದು, ಬರಿಗೈಯಲ್ಲಿ ಬೈಂದೂರಿನ ರೈಲು ಹತ್ತಿದವನ ಹೆಸರನ್ನು ಯಾವ ಭಾಷಣದಲ್ಲಿಯೂ ಹೇಳುವುದಿಲ್ಲ. ಅವನು ದುಂದುಗಾರನಾಗಿರಲಿಲ್ಲ. ಊಟ ವಸತಿ ಹೋಟೆಲಿನಲ್ಲೇ; ಸಂಬಳವೆಲ್ಲ ಮನಿಯಾರ್ಡರಿನಲ್ಲಿ ಊರಿಗೆ. ತಂಗಿಯ ಮದುವೆ, ಮನೆಯ ಹಂಚು, ದೈವದ ಕೋಲ. ಎಲ್ಲರ ನಾಳೆಗೂ ಕೊಟ್ಟನು, ತನ್ನದಕ್ಕೆ ಮಾತ್ರ ಇಲ್ಲ. ಇಪ್ಪತ್ತು ಜನರಿಗೆ ಮೇಲ್ಪಟ್ಟು ದುಡಿಯುವಲ್ಲಿ ಭವಿಷ್ಯನಿಧಿ ಕಡ್ಡಾಯ. ಆದರೆ ಮಾಸಿಕ ಪಿಂಚಣಿಗೆ ಹತ್ತು ವರ್ಷದ ಸೇವೆ ಕೂಡಬೇಕೆಂದು ಅವನಿಗೆ ಹೇಳಿದವರಾರು? ಹೋಟೆಲು ಬದಲಿಸಿದಾಗಲೆಲ್ಲ ಇದ್ದುದನ್ನು ಬಿಡಿಸಿಕೊಂಡು ಊರಿಗೆ ಹೋದವನ ಲೆಕ್ಕ ಪ್ರತಿ ಸಲ ಸೊನ್ನೆಯಿಂದ ಮೊದಲಾಗುತ್ತದೆ. ಹಾಗೆ ಬಿಡಿಸದೆ ಸೇವೆಯನ್ನು ಮುಂದಿನ ಕೆಲಸಕ್ಕೆ ಜೋಡಿಸಿಕೊಳ್ಳಬಹುದೆಂಬುದು ಕಾಯಿದೆಯಲ್ಲಿದೆ, ಅವನ ಕಿವಿಯಲ್ಲಿಲ್ಲ.

2015ರಲ್ಲಿ ಬಂದ ಅಟಲ್ ಪಿಂಚಣಿ ಯೋಜನೆಯ ಕೋಷ್ಟಕವನ್ನು ನೋಡಿ. ಅರವತ್ತರ ನಂತರ ತಿಂಗಳಿಗೆ 5,000 ರೂಪಾಯಿ ಪಡೆಯಲು, ಹದಿನೆಂಟರಲ್ಲಿ ಸೇರಿದವನು ತಿಂಗಳಿಗೆ 210 ರೂಪಾಯಿ ಕಟ್ಟಿದರೆ ಸಾಕು. ಮೂವತ್ತರಲ್ಲಿ ಸೇರಿದರೆ 577. ನಲವತ್ತರಲ್ಲಿ 1,454. ಪಿಂಚಣಿ ಅದೇ, ತಡಮಾಡಿದ್ದಕ್ಕೆ ಬೆಲೆ ಏಳುಪಟ್ಟು. ಊರಿನಿಂದ ಬಂದಿಳಿದ ಹದಿನೆಂಟರ ಹುಡುಗನನ್ನು ಸಂಘದ ಯಕ್ಷಗಾನಕ್ಕೆ ಚಾಪೆ ಹಾಸಲು ಕರೆಯುತ್ತೇವೆ. ಅದೇ ಸಂಜೆ ಅವನಿಗೆ ಈ ಮೂರು ಅಂಕಿಗಳನ್ನು ಹೇಳಿದ್ದರೆ ಭಾಗವತರ ತಾಳವೇನೂ ತಪ್ಪುತ್ತಿರಲಿಲ್ಲ.

ಸರ್ಕಾರಿ ನೌಕರರಾದ ನಾವು ಇದನ್ನೆಲ್ಲ ಅನುಕಂಪದಿಂದ ನೋಡುತ್ತೇವೆ, ನಮಗೆ ಸಂಬಂಧವಿಲ್ಲವೆಂಬಂತೆ. ಕೇಂದ್ರ ಸೇವೆಗೆ 2004ರ ಜನವರಿ 1ಕ್ಕೆ ಮೊದಲು ಸೇರಿದ ನನ್ನಂಥವರಿಗೆ ಹಳೆಯ ಪಿಂಚಣಿಯುಂಟು. ನಮ್ಮ ವೃದ್ಧಾಪ್ಯವನ್ನು ಸರ್ಕಾರವೇ ಯೋಜಿಸಿಬಿಟ್ಟಿತು. ನಂತರ ಸೇರಿದವರಿಗೆ ಮಾರುಕಟ್ಟೆಯನ್ನು ನೆಚ್ಚಿದ ಹೊಸ ವ್ಯವಸ್ಥೆ. 2025ರ ಏಪ್ರಿಲಿನಿಂದ ಅದರೊಳಗೇ ನಿಶ್ಚಿತ ಪಿಂಚಣಿಯ ಇನ್ನೊಂದು ಆಯ್ಕೆ. ಹಳೆಯ ಮಹಾಬಲಿಪುರ ರಸ್ತೆಯ ಗಣಕ ಕಂಪನಿಗಳಲ್ಲಿ ದುಡಿಯುವ ನಮ್ಮ ಮಕ್ಕಳಿಗೆ ಇಂಥ ಆಸರೆ ಯಾವುದೂ ಇಲ್ಲ. ಅವರಿಗೆ ನಾವು ಕೊಡುವ ಬುದ್ಧಿವಾದವೋ, "ಹಾಸಿಗೆ ಇದ್ದಷ್ಟು ಕಾಲು ಚಾಚು". ಒಳ್ಳೆಯ ಗಾದೆಯೇ. ಆದರೆ ಅದು ಇಂದಿನ ಹಾಸಿಗೆಯ ಮಾತು. ಇಪ್ಪತ್ತು ವರ್ಷಗಳಲ್ಲಿ ಹಾಸಿಗೆ ತಾನಾಗಿ ಕುಗ್ಗುತ್ತದೆಂಬುದನ್ನು ಅದು ಹೇಳುವುದಿಲ್ಲ. ಬೆಲೆಗಳು ವರ್ಷಕ್ಕೆ ಶೇಕಡ 6ರಂತೆ ಏರಿದರೆ ಹನ್ನೆರಡು ವರ್ಷಕ್ಕೆ ಇಮ್ಮಡಿಯಾಗುತ್ತವೆ. ಇಂದು ತಿಂಗಳಿಗೆ 40,000 ರೂಪಾಯಿಯಲ್ಲಿ ನಡೆಯುವ ಸಂಸಾರಕ್ಕೆ ಇಪ್ಪತ್ತನಾಲ್ಕು ವರ್ಷದ ತರುವಾಯ 1,60,000 ಬೇಕು. ಉಳಿಸಿದರಷ್ಟೇ ಸಾಲದು, ಉಳಿಸಿದ್ದು ಬೆಳೆಯಬೇಕು. ಬೆಳೆಯುವುದೆಲ್ಲಿ, ಅಪಾಯವೆಷ್ಟು ಎಂಬುದನ್ನು ಮಗನಿಗೆ ಕಲಿಸುವವರು ಈಗ ಯಾರು? ಅಂಗೈಯ ಫೋನಿನಲ್ಲಿ ಷೇರುಪೇಟೆಯ ಗುಟ್ಟು ಮಾರುವವರು.

ಹೆಂಗಸರ ಮಾತು ಉಳಿಯಿತು, ಅದೇ ಮುಖ್ಯ. ಕಳೆದ ವರ್ಷ ಪಶ್ಚಿಮ ಮಾಂಬಲದಿಂದ ಒಬ್ಬ ತಾಯಿ, ಪತಿ ತೀರಿಹೋದ ಮೂರನೆಯ ತಿಂಗಳಲ್ಲಿ, ಒಂದು ಬಟ್ಟೆಯ ಚೀಲದ ತುಂಬ ಕಾಗದ ತಂದು "ಇದರಲ್ಲಿ ಏನಿದೆ ಅಂತ ಓದಿ ಹೇಳ್ತೀರಾ ಅಣ್ಣಾ" ಎಂದರು. ಮೂವತ್ತೈದು ವರ್ಷ ಸಂಸಾರ ತೂಗಿಸಿದವರು; ಹಾಲಿನ ಲೆಕ್ಕದಲ್ಲಿ ಹತ್ತು ಪೈಸೆ ತಪ್ಪಿದವರಲ್ಲ. ಆದರೆ ಪತಿಯ ಖಾತೆ ಯಾವ ಬ್ಯಾಂಕಿನಲ್ಲಿದೆಯೆಂದು ಅವರಿಗೆ ತಿಳಿಸಿದವರಿರಲಿಲ್ಲ. ಚೀಲದಲ್ಲಿ ಕಂತು ನಿಂತು ರದ್ದಾದ ವಿಮೆಯ ಪತ್ರ, ನಾಮಿನಿಯ ಜಾಗ ಖಾಲಿಯಿದ್ದ ಎರಡು ಪಾಸುಪುಸ್ತಕ, ಊರಿನ ಜಮೀನಿನ ಹಳೆಯ ಪಹಣಿ. ಗಂಡಸರು ಇದನ್ನು ಹೆಂಡತಿಗೆ ಚಿಂತೆ ಕೊಡಬಾರದೆಂಬ ಪ್ರೀತಿ ಎನ್ನುತ್ತಾರೆ. ಆ ಪ್ರೀತಿಯ ಫಲವನ್ನು ನಾನು ಆ ಚೀಲದಲ್ಲಿ ಕಂಡೆ.

ಬ್ಯಾಂಕಿನಲ್ಲಿ ಈಗ, 2025ರ ನವೆಂಬರಿನಿಂದ, ನಾಲ್ವರನ್ನು ನಾಮಿನಿಗಳಾಗಿ ಹೆಸರಿಸಬಹುದು. ನಾಮಿನಿ ಎಂದರೆ ಹಣವನ್ನು ಕೈಗೆ ಪಡೆಯುವವನೇ ಹೊರತು ಒಡೆಯನಲ್ಲ; ಒಡೆತನವನ್ನು ತೀರ್ಮಾನಿಸುವುದು ಉಯಿಲು, ಅದಿಲ್ಲದಿದ್ದರೆ ವಾರಸಿನ ಕಾನೂನು. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ; ಅಲ್ಲಿಂದಲೂ ವಾರಸುದಾರರು ಕೇಳಿ ಪಡೆಯಬಹುದು, ಅಂಥದೊಂದು ಇದೆಯೆಂದು ಅವರಿಗೆ ಗೊತ್ತಿದ್ದರೆ. ಊರಿನಲ್ಲಿ ಅವಿಭಕ್ತ ಪಾಲು, ಇಲ್ಲಿ ಫ್ಲ್ಯಾಟು, ಮಕ್ಕಳು ಅಮೆರಿಕದಲ್ಲಿ ಎಂಬ ಸ್ಥಿತಿಯ ಹೊರನಾಡಿಗನಿಗೆ ಉಯಿಲು ಬರೆಯುವುದು ಅಪಶಕುನವಲ್ಲ.

ಆದ್ದರಿಂದ ಮುಂದಿನ ಸರ್ವಸದಸ್ಯರ ಸಭೆಗೆ ನಾನೊಂದು ಠರಾವನ್ನು ಕಳುಹಿಸಿದ್ದೇನೆ. ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಸಂಘದ ಗ್ರಂಥಾಲಯದ ಮೇಜು ಕಾಗದ ಓದಿಸಿಕೊಳ್ಳಲು ಬರುವವರಿಗೆ ಮೀಸಲು. ನಿವೃತ್ತ ಬ್ಯಾಂಕ್ ನೌಕರರು, ಲೆಕ್ಕಪರಿಶೋಧಕರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಸರದಿಯಂತೆ ಕುಳಿತು ಕನ್ನಡದಲ್ಲಿ ಓದಿ ಹೇಳಲಿ. ಆ ಎರಡು ಗಂಟೆ ಯಾವ ವಿಮಾ ಏಜೆಂಟನಿಗೂ, ಅವನು ಸಂಘದ ಪದಾಧಿಕಾರಿಯೇ ಆಗಿರಲಿ, ಪ್ರವೇಶವಿರಬಾರದು; ಯಾವುದನ್ನೂ ಮಾರಬಾರದು, ಯಾವುದನ್ನೂ ಶಿಫಾರಸು ಮಾಡಬಾರದು. ಹೋಟೆಲು ನೌಕರರಿಗೆ ಭಾನುವಾರ ಬಿಡುವಿಲ್ಲದ ಕಾರಣ, ಅವರಿಗಾಗಿ ವಾರದ ನಡುವೆ ಒಂದು ಮಧ್ಯಾಹ್ನ ಮೂರು ಗಂಟೆಗೆ, ಊಟದ ಗದ್ದಲ ಮುಗಿದು ತಿಂಡಿಯ ಗದ್ದಲ ಮೊದಲಾಗುವ ನಡುವೆ, ನಾವೇ ಹೋಗಬೇಕು. ಖರ್ಚು ಒಂದು ಕಟ್ಟು ಕಾಗದ ಮತ್ತು ಕಾಫಿ. ಠರಾವಿಗೆ ಇನ್ನೂ ಅನುಮೋದಕರು ಸಿಕ್ಕಿಲ್ಲ. ಹೆಸರು ಕೊಡಲಿಚ್ಛಿಸುವವರು ಸಭೆಗೆ ಮುನ್ನ ಕಾರ್ಯದರ್ಶಿಗಳಿಗೆ ಬರೆದು ತಿಳಿಸಬೇಕಾಗಿ ವಿನಂತಿ.