ಕಡತ ಯಾವ ಟೇಬಲ್ ಮೇಲಿದೆ? ಬಿಸಿನೆಸ್ ಪ್ರೋಸೆಸ್ ಓದುವ ವಿದ್ಯಾರ್ಥಿಗಳ ಹಕ್ಕೊತ್ತಾಯ ಪತ್ರ

ಗೆ,
ಮಾನ್ಯ ಕುಲಪತಿಗಳು, ಕುಲಸಚಿವರು (ಆಡಳಿತ), ಕುಲಸಚಿವರು (ಮೌಲ್ಯಮಾಪನ) ಹಾಗೂ ವಾಣಿಜ್ಯ ಮತ್ತು ನಿರ್ವಹಣಾಶಾಸ್ತ್ರ ಅಧ್ಯಯನ ಮಂಡಳಿಯ ಸದಸ್ಯರು

ಮಾನ್ಯರೇ,

ನಾವು ಬಿಸಿನೆಸ್ ಅನಾಲಿಸಿಸ್ ಮತ್ತು ಬಿಸಿನೆಸ್ ಪ್ರೋಸೆಸ್ ಮ್ಯಾನೇಜ್‌ಮೆಂಟ್ (ಬಿಪಿಎಂ) ಪತ್ರಿಕೆಗಳನ್ನು ಆಯ್ದುಕೊಂಡಿರುವ ಬಿಕಾಂ, ಬಿಬಿಎ, ಎಂಬಿಎ ವಿದ್ಯಾರ್ಥಿಗಳು. ಒಂದು ಕೆಲಸ ಎಲ್ಲಿ ಹುಟ್ಟುತ್ತದೆ, ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂದು ಕಂಡುಹಿಡಿಯುವುದು ಈ ವಿದ್ಯೆ. ನಾವು ಮಾತ್ರ ಅದನ್ನು ಗೈಡ್‌ನ ಎರಡು ಅಂಕದ ಉತ್ತರಗಳಲ್ಲಿ ಕಲಿಯುತ್ತಿದ್ದೇವೆ. ತರಗತಿಯಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಪರೀಕ್ಷಾ ವಿಭಾಗದ ಕೌಂಟರ್ ಇದೆ, ಅದರ ಮುಂದೆ ಸದಾ ಸಾಲು ಇದೆ. ನಮ್ಮ ಪಾಠವನ್ನು ಆ ಸಾಲಿನ ತನಕ ತನ್ನಿ ಎಂಬುದೇ ಈ ಪತ್ರದ ಒಟ್ಟು ಬೇಡಿಕೆ. ಬಿಡಿಸಿ ಹೇಳುವುದಾದರೆ ಹೀಗೆ.

1. ವಿಶ್ವವಿದ್ಯಾಲಯವೇ ನಮ್ಮ ಮೊದಲ ಪ್ರಯೋಗಶಾಲೆಯಾಗಬೇಕು.

ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಒಂದಕ್ಷರ ತಪ್ಪಿದರೆ ಅರ್ಜಿ, ಚಲನ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೆರಾಕ್ಸ್, ಪ್ರಾಂಶುಪಾಲರ ಪತ್ರ ಇಷ್ಟನ್ನೂ ಹಿಡಿದು ಬರಬೇಕು. ಟಪಾಲಿನ ಸೀಲು ಬಿದ್ದ ಮೇಲೆ ಅದು ವಿಷಯ ನಿರ್ವಾಹಕರಿಂದ ಅಧೀಕ್ಷಕರಿಗೆ, ಅಲ್ಲಿಂದ ಸಹಾಯಕ ಕುಲಸಚಿವರಿಗೆ, ಉಪಕುಲಸಚಿವರಿಗೆ ಹತ್ತಿ, ಬಂದ ದಾರಿಯಲ್ಲೇ ಇಳಿಯಬೇಕು. ಇವರಲ್ಲಿ ತಪ್ಪೋ ಸರಿಯೋ ಎಂದು ನಿರ್ಧರಿಸುವವರು ಯಾರು, ಬರೀ ಸಹಿ ಹಾಕಿ ದಾಟಿಸುವವರು ಯಾರು? ಆ ಕಾಗದದ ಮೇಲೆ ನಿಜಕ್ಕೂ ಕೆಲಸ ನಡೆದ ಹೊತ್ತೆಷ್ಟು, ಅದು ಸುಮ್ಮನೆ ಬಿದ್ದಿದ್ದ ಹೊತ್ತೆಷ್ಟು? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಿದ ವಿದ್ಯಾರ್ಥಿಗೆ ಪ್ರೋಸೆಸ್ ಅನಾಲಿಸಿಸ್ ಘಟಕವನ್ನು ಬೇರೆ ಪಾಠ ಮಾಡಬೇಕಾಗಿಲ್ಲ.

ನೌಕರರ ಮೇಲೆ ದೂರು ಹೊರಿಸಲು ನಾವು ಬಂದಿಲ್ಲ. ಬಹುಪಾಲು ತಡ ಆಗುವುದು ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ದಾಟುವಾಗ. ಆ ದಾಟುವಿಕೆಗೆ ಯಾರೂ ಹೊಣೆಯಲ್ಲ ಎನ್ನುವುದೇ ರೋಗ. ಆದ್ದರಿಂದ ಪ್ರತಿ ಸೆಮಿಸ್ಟರ್ ಒಂದೊಂದು ಸೇವೆಯನ್ನು, ಅಂದರೆ ಅಂಕಪಟ್ಟಿ ತಿದ್ದುಪಡಿ, ಮರುಮೌಲ್ಯಮಾಪನ, ವಲಸೆ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಪರಿಶೀಲನೆ ಇಂಥವನ್ನು, ಒಂದು ವಿದ್ಯಾರ್ಥಿ ತಂಡಕ್ಕೆ ಅಧ್ಯಯನಕ್ಕೆ ಒಪ್ಪಿಸಿ. ಈಗ ಹೇಗೆ ನಡೆಯುತ್ತಿದೆ, ಹೇಗೆ ನಡೆಯಬಹುದು ಎರಡನ್ನೂ ಬರೆದುಕೊಡುತ್ತೇವೆ. ಅದನ್ನು ಸಿಂಡಿಕೇಟ್ ಸಭೆಯಲ್ಲಿ ಮಂಡಿಸಲು ಅವಕಾಶ ಕೊಡಿ. ಒಪ್ಪುವುದು, ಬಿಡುವುದು ತಮ್ಮ ಅಧಿಕಾರ.

2. ಆನ್‌ಲೈನ್ ಅರ್ಜಿಗಳ ದಾಖಲೆಯನ್ನು ನಮಗೆ ತೆರೆದಿಡಿ.

ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಿಲ್ ವಾನ್ ಡರ್ ಆಲ್ಸ್ಟ್ ಮತ್ತು ಸಂಗಡಿಗರು ಬೆಳೆಸಿದ, ದಾಖಲೆಗಳಿಂದಲೇ ಕೆಲಸದ ಹಾದಿಯನ್ನು ಪತ್ತೆಹಚ್ಚುವ ಪ್ರೋಸೆಸ್ ಮೈನಿಂಗ್‌ಗೆ ಮೂಲತಃ ಬೇಕಾಗುವುದು ಮೂರೇ ಕಾಲಂ: ಅರ್ಜಿಯ ಸಂಖ್ಯೆ, ನಡೆದ ಕೆಲಸ, ನಡೆದ ಸಮಯ. ಅರ್ಜಿಗಳು ಆನ್‌ಲೈನ್ ಆದಂದಿನಿಂದ ಈ ಮೂರೂ ತಮ್ಮ ಸರ್ವರ್‌ನಲ್ಲಿ ಬಿದ್ದಿವೆ. ಪ್ರಾಮ್, ಪಿಎಂ4ಪೈನಂಥ ಮುಕ್ತ ತಂತ್ರಾಂಶಕ್ಕೆ ಕೊಟ್ಟರೆ ಯಾವ ಅರ್ಜಿ ಎಲ್ಲಿಂದ ವಾಪಸಾಯಿತು, ಯಾವುದು ಎರಡು ಸಲ ಒಂದೇ ಹಂತಕ್ಕೆ ಬಂತು, ಯಾವುದು ಸರತಿ ಬಿಟ್ಟು ಮುಂದೆ ಹೋಯಿತು ಎಂದು ಅದೇ ತೋರಿಸುತ್ತದೆ. (ಕೊನೆಯದು ಕೆಲವರಿಗೆ ಇರುಸುಮುರುಸು ತಂದೀತು, ಗೊತ್ತು.) ಹೆಸರು, ರಿಜಿಸ್ಟರ್ ನಂಬರ್ ತೆಗೆದುಹಾಕಿಯೇ ಕೊಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನೆಪ ಆಗ ಉಳಿಯುವುದಿಲ್ಲ.

3. ನಮ್ಮ ನೆಲದ ಉದಾಹರಣೆಗಳನ್ನು ಪಠ್ಯಕ್ಕೆ ತನ್ನಿ, ಅವುಗಳ ಟೀಕೆಯ ಸಮೇತ.

ಮೈಕಲ್ ಹ್ಯಾಮರ್ 1990ರಲ್ಲಿ ಬರೆದ ಫೋರ್ಡ್ ಕಂಪನಿಯ ಕಥೆ ಎಲ್ಲ ಪಠ್ಯಗಳಲ್ಲೂ ಇದೆ. ಬಿಲ್ ಪಾವತಿಗೆ ಫೋರ್ಡ್‌ನಲ್ಲಿ 500ಕ್ಕೂ ಹೆಚ್ಚು ಜನ, ಮಜ್ದಾ ಕಂಪನಿಯಲ್ಲಿ ಐದೇ ಜನ. ಇದ್ದ ಪದ್ಧತಿಗೇ ಕಂಪ್ಯೂಟರ್ ತೊಡಿಸದೆ ಪದ್ಧತಿಯನ್ನೇ ಬದಲಿಸಿದ್ದರಿಂದ ಮುಕ್ಕಾಲು ಪಾಲು ಹುದ್ದೆ ಇಳಿಯಿತು ಎಂಬಲ್ಲಿಗೆ ಪಾಠ ಮುಗಿಯುತ್ತದೆ. ಆ ಮುಕ್ಕಾಲು ಪಾಲು ಜನ ಏನಾದರು ಎಂದು ತರಗತಿಯಲ್ಲಿ ಕೇಳಿದರೆ ಸಿಲಬಸ್‌ನಲ್ಲಿ ಇಲ್ಲ ಎನ್ನುತ್ತಾರೆ. ಸಿಲಬಸ್‌ಗೆ ಸೇರಿಸಿ.

ಅದಕ್ಕಿಂತ ಹತ್ತಿರದ್ದು ನಮ್ಮ ರಾಜ್ಯದ ಭೂದಾಖಲೆ ಯೋಜನೆ ‘ಭೂಮಿ’. ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳು ಗ್ರಾಮಲೆಕ್ಕಿಗರ ಕೈಬರಹದಿಂದ ತಾಲ್ಲೂಕು ಕಚೇರಿಯ ಕಂಪ್ಯೂಟರ್‌ಗೆ ಬಂದವು. 15 ರೂಪಾಯಿಗೆ ಕೌಂಟರ್‌ನಲ್ಲೇ ಪಹಣಿ ಸಿಗತೊಡಗಿತು, ಖಾತೆ ಬದಲಾವಣೆಗೆ ಮೊದಲು ಬಂದವರಿಗೆ ಮೊದಲು ಎಂಬ ಸರತಿ ಬಂತು. ನಮ್ಮ ಅಜ್ಜಂದಿರು ಶಾನುಭೋಗರ ಮನೆಬಾಗಿಲಲ್ಲಿ ಕಾದದ್ದನ್ನು ಕೇಳಿ ಬೆಳೆದ ನಮಗೆ ಇದು ಫೋರ್ಡ್‌ಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಸಂಶೋಧಕ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಎತ್ತಿದ ತಕರಾರನ್ನೂ ಜೊತೆಗೇ ಓದಿಸಬೇಕು: ದಾಖಲೆ ಒಂದೆಡೆ ಸೇರಿದ್ದರಿಂದ ಬೆಂಗಳೂರಿನ ಅಂಚಿನಲ್ಲಿ ಹೆಚ್ಚು ಲಾಭವಾದದ್ದು ಸಣ್ಣ ರೈತನಿಗೋ, ದೊಡ್ಡ ಭೂಖರೀದಿದಾರರಿಗೋ? ಪ್ರಕ್ರಿಯೆ ಚುರುಕಾಯಿತು ಅಂದಾಕ್ಷಣ ಯಾರಿಗೆ ಎಂದು ಕೇಳುವುದನ್ನು ಕಲಿಸದಿದ್ದರೆ ಈ ಪತ್ರಿಕೆ ಟೈಪಿಂಗ್ ಕ್ಲಾಸಿಗಿಂತ ಮೇಲೇನಲ್ಲ.

‘ಸಕಾಲ’ವೂ ಪಠ್ಯವಾಗಲಿ. ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ 2011ರ ಕಾಯ್ದೆ, 2012ರ ಏಪ್ರಿಲ್ 2ರಿಂದ ಜಾರಿ. ಗಡುವು ಮೀರಿದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ, ಗರಿಷ್ಠ 500. ಗಡುವು ಹತ್ತಿರ ಬಂದಾಗ ಚಿಕ್ಕ ಕಾರಣ ತೋರಿಸಿ ಅರ್ಜಿ ತಿರಸ್ಕರಿಸಿದರೆ ಅಂಕಿಅಂಶದಲ್ಲಿ ಅದು ಸಕಾಲದ ವಿಲೇವಾರಿಯೇ ಆಗಿಬಿಡಬಹುದಲ್ಲವೇ? ಅಳತೆಗೋಲನ್ನು ಹೇಗೆ ಆರಿಸಬೇಕು ಎಂಬ ಅಧ್ಯಾಯ ಇಂಥ ಪ್ರಶ್ನೆಯಿಂದಲೇ ಶುರುವಾಗಲಿ.

4. ಕೇಳಿಸಿಕೊಳ್ಳುವುದನ್ನು ಕಲಿಸಿ, ಕನ್ನಡದಲ್ಲಿ.

ಬಿಸಿನೆಸ್ ಅನಲಿಸ್ಟ್‌ನ ಅರ್ಧ ಕೆಲಸ ಎದುರಿನವರಿಗೆ ಏನು ಬೇಕು ಎಂದು ತಿಳಿಯುವುದು. ನಮ್ಮ ಸಿಲಬಸ್‌ನಲ್ಲಿ ಎಕ್ಸೆಲ್‌ಗೆ ಒಂದಿಡೀ ಘಟಕವಿದೆ, ಇದಕ್ಕೆ ಅರ್ಧ ಪುಟ. ಹಾಲು ಉತ್ಪಾದಕರ ಸಂಘಕ್ಕೆ ನಮ್ಮನ್ನು ಕಳಿಸಿ. ಬೆಳಗ್ಗೆ ಹಾಲು ಅಳೆದು, ಫ್ಯಾಟ್ ನೋಡಿ, ಚೀಟಿ ಕೊಡುತ್ತಾರೆ. ಹಾಲಿನ ಹಣ ಸಂಘದ ಬಟವಾಡೆಯಲ್ಲಿ ಬರುತ್ತದೆ, ಸರ್ಕಾರದ ಪ್ರೋತ್ಸಾಹಧನ ಬೇರೆ ದಾರಿಯಲ್ಲಿ ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಒಂದೇ ಲೀಟರಿಗೆ ಎರಡು ಹಾದಿ. ಎಪಿಎಂಸಿಗೆ ಕಳಿಸಿ. 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆಯಲ್ಲಿ ಇ-ಟೆಂಡರ್ ನಡೆಯುತ್ತಿದೆ. ಗೇಟಿನಲ್ಲಿ ಲಾಟ್ ನಂಬರ್ ಪಡೆದ ಚೀಲ ತೂಕವಾಗಿ ಹಣವಾಗುವ ತನಕದ ಪ್ರತಿ ಹೆಜ್ಜೆಯನ್ನು ಹಮಾಲರು, ದಲಾಲರು, ರೈತರು ಮೂರು ಬಗೆಯಾಗಿ ಹೇಳುತ್ತಾರೆ. ಮೂರನ್ನೂ ಬರೆದುಕೊಂಡು ಎಲ್ಲಿ ತಾಳೆಯಾಗುವುದಿಲ್ಲ ಎಂದು ಗುರುತಿಸುವುದೇ ಪರೀಕ್ಷೆಯಾಗಲಿ. ಆ ಮಾತುಗಳನ್ನು ಇಂಗ್ಲಿಷಿಗೆ ತಿರುಗಿಸಿಯೇ ಪ್ರಾಜೆಕ್ಟ್ ವರದಿ ಕೊಡಬೇಕೆಂಬ ಷರತ್ತು ತೆಗೆಯಿರಿ.

5. ಲ್ಯಾಬ್ ಮತ್ತು ಪ್ರಶ್ನೆಪತ್ರಿಕೆ.

ಪ್ರಕ್ರಿಯೆಯ ನಕ್ಷೆ ಬರೆಯುವ ಸಂಕೇತಪದ್ಧತಿ ಬಿಪಿಎಂಎನ್ 2.0 ಹೊರಬಂದದ್ದು 2011ರಲ್ಲಿ, ಐಎಸ್‌ಒ ಮಾನದಂಡವಾದದ್ದು 2013ರಲ್ಲಿ. ನಮ್ಮ ಪತ್ರಿಕೆ ಇನ್ನೂ ಫ್ಲೋಚಾರ್ಟ್‌ನ ಅನುಕೂಲಗಳನ್ನು ಪಟ್ಟಿ ಮಾಡಿಸುತ್ತಿದೆ. ಅರ್ಧ ಪುಟದ ಸನ್ನಿವೇಶ ಕೊಟ್ಟು ನಕ್ಷೆ ಬರೆಸಿ. ಅರ್ಜಿದಾರ ಹಣ ಕಟ್ಟಿ ನಾಪತ್ತೆಯಾದರೆ ಏನು ಎಂದು ಯೋಚಿಸಿದವರಿಗೆ ಹೆಚ್ಚು ಅಂಕ ಕೊಡಿ. ಉಚಿತ ತಂತ್ರಾಂಶಗಳಿವೆ, ಲೈಸೆನ್ಸ್ ಖರ್ಚಿನ ಮಾತು ಬೇಡ.

6. ಪಾಠ ಮಾಡುವವರು.

ಈ ಪತ್ರಿಕೆ ಹೆಚ್ಚಾಗಿ ಅತಿಥಿ ಉಪನ್ಯಾಸಕರ ಪಾಲಿಗೆ ಬೀಳುತ್ತದೆ. ಅವರಿಗೆ ತರಬೇತಿ ಕೊಡಿ, ಕ್ಷೇತ್ರಕಾರ್ಯದ ಗಂಟೆಗಳಿಗೂ ಗೌರವಧನ ಕೊಡಿ. ಉದ್ಯಮದ ಪರಿಣತರನ್ನು ಕರೆಯಲು ಯುಜಿಸಿಯ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ವ್ಯವಸ್ಥೆ 2022ರಿಂದ ಇದೆ. ಐಟಿ ಕಂಪನಿಯವರ ಜೊತೆಗೆ ಒಬ್ಬ ನಿವೃತ್ತ ಕಚೇರಿ ಅಧೀಕ್ಷಕರನ್ನೂ ತರಗತಿಗೆ ಕರೆಸಿ. ಕಡತದ ನಡೆ ಅವರಿಗೆ ಗೊತ್ತಿರುವಷ್ಟು ಯಾವ ಕನ್ಸಲ್ಟೆಂಟ್‌ಗೂ ಗೊತ್ತಿಲ್ಲ.

7. ಡಾಲರ್ ಶುಲ್ಕದ ಸರ್ಟಿಫಿಕೇಟ್ ಪರೀಕ್ಷೆಗಳನ್ನು ಇಂಟರ್ನಲ್ ಅಂಕಕ್ಕೆ ಜೋಡಿಸಬೇಡಿ. ಬಿಸಿನೆಸ್ ಅನಾಲಿಸಿಸ್‌ನ ಅಂತರರಾಷ್ಟ್ರೀಯ ಸಂಸ್ಥೆಯಾದ ಐಐಬಿಎ ಹೊರತಂದ ಬಾಬಾಕ್ ಕೈಪಿಡಿಯ ಮೂರನೇ ಆವೃತ್ತಿ (2015) ಗ್ರಂಥಾಲಯಕ್ಕೆ ಬಂದರೆ ಸಾಕು.

8. ಪ್ಲೇಸ್‌ಮೆಂಟ್ ವಿಭಾಗವು ಬಿಪಿಎಂ ಎಂಬ ಹೆಸರಿನಲ್ಲಿ ಬರುವ ಹುದ್ದೆಗಳ ನಿಜವಾದ ಕೆಲಸ, ಪಾಳಿ, ಸಂಬಳವನ್ನು ಮೊದಲೇ ಪ್ರಕಟಿಸಲಿ. ರಾತ್ರಿ ಪಾಳಿಯ ಕಾಲ್ ಸೆಂಟರ್ ಕೆಲಸ ಕೀಳಲ್ಲ. ಅದನ್ನು ಅನಲಿಸ್ಟ್ ಹುದ್ದೆ ಎಂದು ನಂಬಿಸುವುದು ತಪ್ಪು.

9. ಈ ಪತ್ರಕ್ಕೆ ಸ್ವೀಕೃತಿ ಸಂಖ್ಯೆ ಕೊಡಿ. 30 ದಿನಗಳೊಳಗೆ ಪ್ರತಿ ಬೇಡಿಕೆಗೂ ಲಿಖಿತ ಉತ್ತರ ಬೇಕು. ಒಪ್ಪದಿದ್ದರೆ ಕಾರಣ, ಒಪ್ಪಿದರೆ ಹೊಣೆ ಹೊತ್ತ ಅಧಿಕಾರಿಯ ಹುದ್ದೆ ಮತ್ತು ಗಡುವು. ಮೊದಲ ಎರಡು ಬೇಡಿಕೆಗಳಿಗೆ ಹೊಸ ಅನುದಾನವಾಗಲಿ, ಸರ್ಕಾರದ ಅನುಮತಿಯಾಗಲಿ ಬೇಕಿಲ್ಲ. ಅವನ್ನು ಬರುವ ಸೆಮಿಸ್ಟರ್‌ನಿಂದಲೇ ಜಾರಿಗೆ ತನ್ನಿ.

ಇಂತಿ,
ವಾಣಿಜ್ಯ ಮತ್ತು ನಿರ್ವಹಣಾಶಾಸ್ತ್ರ ವಿಭಾಗಗಳ ವಿದ್ಯಾರ್ಥಿಗಳು