ವಿನಯವೂ ವೇಷವೂ

ಉದ್ಯಮಿಯ ಸರಳ ಉಡುಪನ್ನು ಕಂಡೊಡನೆ ಆತನನ್ನು ವಿನಯವಂತನೆಂದು ಹೊಗಳುವುದು ನಮ್ಮ ದೌರ್ಬಲ್ಯ. ವಿನಯವಿರುವುದು ಉಡುಪಿನಲ್ಲಲ್ಲ, ಹಂಚಿಕೊಳ್ಳುವುದರಲ್ಲಿ, ಕೇಳಿಸಿಕೊಳ್ಳುವುದರಲ್ಲಿ.

1946ರಲ್ಲಿ ನಮ್ಮ ಶಿಡ್ಲಘಟ್ಟದಲ್ಲಿ ಜನಿಸಿದ ನಾರಾಯಣಮೂರ್ತಿಯವರು 1990ರ ದಶಕದಲ್ಲಿ ಇನ್ಫೋಸಿಸ್ ಷೇರುಗಳಲ್ಲಿ ನೌಕರರಿಗೂ ಪಾಲು ಕೊಟ್ಟರು. 2002ರಲ್ಲಿ ಮುಖ್ಯ ಕಾರ್ಯನಿರ್ವಾಹಕ ಸ್ಥಾನವನ್ನು ನಂದನ್ ನಿಲೇಕಣಿಯವರಿಗೆ ಬಿಟ್ಟುಕೊಟ್ಟರು. ಅದು ನಿಜವಾದ ವಿನಯ. ಆದರೆ 2023ರಲ್ಲಿ ಅವರೇ, ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ಆ ಮಾತಿನಲ್ಲಿ ದುಡಿಯುವವರ ಅಭಿಪ್ರಾಯಕ್ಕೆ ಸ್ಥಾನವೆಲ್ಲಿತ್ತು?

ನಾಲ್ಕನೆಯ ಜ್ವರ ಕಳೆದ ಹುಳುವಿಗೆ ನಮ್ಮ ಸಾದಲಿಯ ಬೆಳೆಗಾರನೂ ಹಗಲಿರುಳೆನ್ನದೆ ಸೊಪ್ಪು ಹಾಕುತ್ತಾನೆ. ಆದರೆ ಕಟ್ಟಿದ ಗೂಡು ಅವನದೇ. ಬರಿಯ ಸಂಬಳದ ನೌಕರನಿಗೆ ಆ ಗೂಡೆಲ್ಲಿ?

ದೊಡ್ಡ ಹುದ್ದೆಗಳಲ್ಲಿರುವ ಶಿಷ್ಯರೇ, ಲಾಭವನ್ನು ಹಂಚದ, ಕೆಳಗಿನವರು 'ಆಗದು' ಎಂದರೆ ಸಹಿಸದ ಸರಳತೆ ಬರಿಯ ವೇಷ. ಅದನ್ನು ಕಳಚಿರಿ.