'ರೆ' ಬಲ್ಲವನಿಗೆ 'ಇಫ್' ದುಸ್ತರವೇ?



ಇಂಗ್ಲಿಷಿನಲ್ಲಿ 'ಇಫ್' ಎಂಬ ಶಬ್ದವುಳ್ಳ ಪಕ್ಷಾರ್ಥಕ ವಾಕ್ಯಗಳನ್ನು ಈಗಿನ ಗೈಡುಗಳು ಸೊನ್ನೆ, ಒಂದು, ಎರಡು, ಮೂರು ಎಂದು ಅಂಕೆ ಹಾಕಿ ಕಲಿಸುತ್ತಿರುವುದು ತಮಗೆ ತಿಳಿದ ಸಂಗತಿಯಷ್ಟೆ. ಎರಡನೆಯದು ಈಗ ಇಲ್ಲದ್ದನ್ನು ಕಲ್ಪಿಸುವುದಕ್ಕೆ. ಮೂರನೆಯದು ಹಿಂದೆ ನಡೆಯದೆ ಹೋದುದಕ್ಕೆ. ಮಕ್ಕಳು ಸೂತ್ರವನ್ನು ಉರುಹೊಡೆಯುತ್ತಾರೆ. ಅರ್ಥವನ್ನು ಕೇಳಿದರೆ ಮುಖ ಮುಖ ನೋಡುತ್ತಾರೆ. ಇದು ವಿದ್ಯೆಯಲ್ಲ, ಅಂಕೆಯ ಪೂಜೆ.

'ಅಂದು ಪಥ್ಯ ಮಾಡಿದ್ದರೆ ಇಂದು ಗಟ್ಟಿಯಾಗಿರುತ್ತಿದ್ದೆ' ಎಂಬಂಥ ವಾಕ್ಯವನ್ನು ಇಂಗ್ಲಿಷರೂ ಧಾರಾಳವಾಗಿ ಆಡುತ್ತಾರೆ. ಇದರ ಪೂರ್ವಾರ್ಧ ಮೂರನೆಯ ಅಂಕೆಯದು, ಉತ್ತರಾರ್ಧ ಎರಡನೆಯದು. ಇದನ್ನು ಯಾವ ಪಂಕ್ತಿಯಲ್ಲಿ ಕೂರಿಸೋಣ? ಗೈಡಿನವರು 'ಮಿಶ್ರ'ವೆಂದು ಐದನೆಯ ಮಣೆ ಹಾಕುತ್ತಾರೆ!

ತತ್ತ್ವವು ಸರಳವಾದುದು. ಇಂಗ್ಲಿಷಿನ ಭೂತರೂಪವು ಕಳೆದ ಕಾಲವನ್ನೇ ಹೇಳಬೇಕೆಂಬ ನಿಯಮವಿಲ್ಲ. ಸಂಗತಿಯು ನಿಜಸ್ಥಿತಿಯಿಂದ ದೂರವೆಂಬುದನ್ನೂ ಅದು ಸೂಚಿಸುವುದುಂಟು. 'ಇಫ್ ಐ ಹ್ಯಾಡ್ ವಿಂಗ್ಸ್' ಎಂದರೆ ನಿನ್ನೆ ರೆಕ್ಕೆಗಳಿದ್ದುವೆಂದಲ್ಲ, ಇಂದು ಇಲ್ಲವೆಂದರ್ಥ. ಆ ಇಲ್ಲದಿರುವಿಕೆ ಗತಕಾಲದ್ದಾದರೆ ಇನ್ನೊಂದು ಮೆಟ್ಟಿಲು ಹಿಂದೆ ಸರಿದು 'ಹ್ಯಾಡ್ ಹ್ಯಾಡ್' ಎನ್ನಬೇಕು.

ಇದು ಕನ್ನಡದ ಮಗುವಿಗೆ ಹೊಸತೇನು? 'ನಾಳೆ ಮಳೆ ಬಂದರೆ' ಎಂಬಲ್ಲಿ ಕಾಲ ನಾಳೆಯದು. ಆದರೂ 'ರೆ' ಸೇರುವುದು 'ಬಂದ' ಎಂಬ ಭೂತರೂಪಕ್ಕೇ. ಸಂಸ್ಕೃತದಲ್ಲಿಯೂ ನೋಡಿರಿ. ಕ್ರಿಯಾತಿಪತ್ತಿಗೆ, ಎಂದರೆ ಸಿದ್ಧಿಸದೆ ಹೋದ ಕ್ರಿಯೆಗೆ, ಪಾಣಿನಿಯು ಲೃಙ್ ಎಂಬ ಲಕಾರವನ್ನೇ ವಿಧಿಸಿದನು. 'ಅಜೀವಿಷ್ಯತ್', ಬದುಕುತ್ತಿದ್ದನು, ಎಂಬಲ್ಲಿ ಭವಿಷ್ಯತ್ತಿನ 'ಸ್ಯ'ವೂ ಭೂತದ ಅಕಾರವೂ ಕೂಡಿವೆ. ಇಂಗ್ಲಿಷಿನ 'ವುಡ್' ಎಂಬುದೂ ಮೂಲದಲ್ಲಿ 'ವಿಲ್' ಎಂಬುದರ ಭೂತರೂಪವೇ. ಭೇದವಿಷ್ಟೆ: ಲೃಙ್ ಎರಡು ಭಾಗಗಳಲ್ಲಿಯೂ ಬರುವುದು; ಇಂಗ್ಲಿಷಿನ ಶಿಷ್ಟಪ್ರಯೋಗದಲ್ಲಿ ಇಂಥ 'ವುಡ್' ಫಲವನ್ನು ಹೇಳುವ ಭಾಗಕ್ಕೆ ಮಾತ್ರ ಸಲ್ಲುವುದು.

ಅಂಕೆಗಳಿಂದ ಪರೀಕ್ಷೆ ಸುಲಭವಾಗುವುದೆಂದು ಕೆಲವರು ಆಕ್ಷೇಪಿಸಬಹುದು. ಪರೀಕ್ಷೆಯಾದ ಮೇಲೂ ಬಾಳಿದೆಯಲ್ಲವೇ? ನನ್ನ ಶಿಷ್ಯನೊಬ್ಬನು ನೌಕರಿಯ ಸಂದರ್ಶನದಲ್ಲಿ 'ಇಫ್ ಐ ವುಡ್ ಹ್ಯಾವ್ ನೋನ್' ಎಂದನಂತೆ. ಅಮೆರಿಕದ ಆಡುಮಾತಿನಲ್ಲಿ ಅನೇಕರು ಹಾಗೆಯೇ ಆಡುವುದುಂಟು. ಆದರೆ ಇಲ್ಲಿ ಕೇಳಿದವರು ನಕ್ಕರು. ಹುಡುಗನು ಉಳಿದ ಪ್ರಶ್ನೆಗಳಿಗೆ, ಉತ್ತರ ತಿಳಿದಿದ್ದರೂ, ಬಾಯಿಬಿಡಲಿಲ್ಲ. ಅವನಿಗೆ ಮೂರನೆಯ ಸೂತ್ರವನ್ನು ಕಂಠಪಾಠ ಮಾಡಿಸಿದವನು ನಾನೇ. ಅಂದು ಕನ್ನಡದಿಂದ ಆರಂಭಿಸಿದ್ದರೆ ಅವನು ಹಾಗೆ ಮೌನಿಯಾಗುತ್ತಿರಲಿಲ್ಲವೆಂದು ಈಗಲೂ ಮರುಗುತ್ತೇನೆ.

ಆದುದರಿಂದ ಮಾತಾಪಿತೃಗಳಲ್ಲಿ ನನ್ನ ವಿಜ್ಞಾಪನೆಯಿದು. ಮಗುವು ಪುಸ್ತಕ ಹಿಡಿದು ಕುಳಿತಾಗ ಎಷ್ಟನೆಯ ಕಂಡಿಷನಲ್ ಎಂದು ಕೇಳಬೇಡಿರಿ. ಇದು ಆಗಬಹುದಾದುದೋ, ಈಗ ಇಲ್ಲದುದೋ, ಆಗದೆ ಹೋದುದೋ ಎಂದು ಕನ್ನಡದಲ್ಲಿ ಕೇಳಿರಿ. ಅದಕ್ಕೆ ಉತ್ತರ ಬಂದ ಮೇಲೆ ಇಂಗ್ಲಿಷಿನ ರೂಪವನ್ನು ತೋರಿಸಿರಿ. ಅಂಕೆಗಳು ಬೇಕಾದರೆ ಆಮೇಲೆ ಬರಲಿ.